ಎರಡು ಹಿತ್ತಾಳೆ ತಂತಿಗಳು

ಆ ವರ್ಷ ನಾವು ನಾಲ್ವರು ಮಾಡಿದ ತಪ್ಪಿನ ಶಿಕ್ಷೆಯನ್ನು ಹುಸೇನಸಾಬ ನದಾಫರು ಅನುಭವಿಸಿದರು. ಅವರ ಹೆಂಡತಿ ಖಾಜಾಬಿ ಅನುಭವಿಸಿದರು. ಆಗ ಮೂರನೆಯ ಇಯತ್ತೆಯಲ್ಲಿದ್ದ ಅವರ ಮಗಳು ಜೈನಬಿ ಅನುಭವಿಸಿದಳು. ನಾಲ್ವರಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ, ಒಬ್ಬರ ಬಡ್ತಿಯೂ ತಪ್ಪಲಿಲ್ಲ. ನಾಲ್ಕನೆಯ ಸಹಿ ನನ್ನದು.

ಕಳೆದ ತಿಂಗಳು ಪಿಂಚಣಿಯ ಕಾಗದವೊಂದಕ್ಕಾಗಿ ಬಸವನ ಬಾಗೇವಾಡಿಗೆ ಹೋಗಿದ್ದೆ. ಮಳೆಗೆ ಮಾಳಿಗೆ ಸೋರಿ ಕಚೇರಿಯ ದಾಖಲೆ ಕೋಣೆ ತೊಯ್ದಿತ್ತು. ಹಳೆಯ ಕಡತಗಳನ್ನೆಲ್ಲ ಅಂಗಳದ ಫರಸಿ ಕಲ್ಲಿನ ಮೇಲೆ ಬಿಸಿಲಿಗೆ ಹರವಿದ್ದರು. ಹಸಿ ಕಾಗದ, ಕೆಂಪು ಬಟ್ಟೆ, ಮುಗ್ಗಿದ ಗೋಂದು ಇವೆಲ್ಲ ಸೇರಿದ ವಾಸನೆ ಮೂಗಿಗೆ ಬಡಿದೊಡನೆ, ಇಪ್ಪತ್ತೆರಡರ ವಯಸ್ಸಿನ ನಾನು ಲೇಖನಿ ಹಿಡಿದು ಒಬ್ಬ ಅಧಿಕಾರಿಯ ಮೇಜಿನೆದುರು ಕುಳಿತಂತಾಯಿತು. ಅಲ್ಲಿದ್ದ ಗುಮಾಸ್ತ ನನ್ನ ನೋಟವನ್ನು ಕಂಡು, "ಇವೆಲ್ಲಾ ನಾಶ ಮಾಡೂ ಕಡತ ಅದಾವ್ರಿ ಬಾಯಾರ. ಪಟ್ಟಿ ಆಗೇತಿ. ಮುಂದಿನ ತಿಂಗಳು ಹೊಂಟೇ ಬಿಟ್ಟಾವು" ಎಂದ. ನಾನು ಬಾಗಿ ಹುಡುಕಿದೆ. ನಮ್ಮ ಪ್ರಚಾರ ತಂಡದ ಕಟ್ಟು ಅಲ್ಲಿತ್ತು. ಅದರೊಳಗೆ ನನ್ನ ದುಂಡಗಿನ ಅಕ್ಷರಗಳು, ಮಸಿ ಸ್ವಲ್ಪ ಹಬ್ಬಿದ್ದರೂ ಓದಲು ಬರುವಷ್ಟು ಸ್ಪಷ್ಟವಾಗಿದ್ದವು.

ಗಡಿಯಲ್ಲಿ ಯುದ್ಧ ನಡೆದ ವರ್ಷ ಅದು. ಧಾರವಾಡದಲ್ಲಿ ತರಬೇತಿ ಮುಗಿಸಿ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಗೆ ಬಂದು ನನಗೆ ಒಂದೂವರೆ ವರ್ಷವಾಗಿತ್ತು. ಅಕ್ಷರವೊಂದು ಬಂದರೆ ಹೆಣ್ಣಿನ ಬದುಕಿನ ಅರ್ಧ ಅನ್ಯಾಯ ತಾನಾಗಿ ತೊಲಗುತ್ತದೆ ಎಂದು ನಂಬಿದ್ದ ಕಾಲ. ವಯಸ್ಕರ ಶಿಕ್ಷಣದ ಪ್ರಚಾರ ತಂಡಕ್ಕೆ ನನ್ನನ್ನು ಎರವಲು ಪಡೆದಾಗ ಹೆಮ್ಮೆಯಿಂದಲೇ ಹೋದೆ. ತಂಡವೆಂದರೆ ಒಂದು ಜೀಪು, ಅದರ ನೆತ್ತಿಯ ಮೇಲೆ ಒಂದು ಧ್ವನಿವರ್ಧಕದ ಕೊಳವೆ, ಬ್ಯಾಟರಿಯಿಂದ ನಡೆಯುವ ಒಂದು ಯಂತ್ರ. ಹಾಡಲು ಗುರುಪಾದಯ್ಯ, ಭಾಷಣಕ್ಕೆ ನಾನು, ಗಿಟಾರಿಗೆ ಹುಸೇನಸಾಬರು. ನಮ್ಮೆಲ್ಲರ ಮೇಲೆ ಒಬ್ಬ ವಿಸ್ತರಣಾಧಿಕಾರಿ. ಅವರನ್ನು ನಾವು ಸಾಹೇಬರು ಎಂದೇ ಕರೆಯುತ್ತಿದ್ದೆವು.

ಆ ಗಿಟಾರನ್ನು ಕಚೇರಿಯವರು ಸೊಲ್ಲಾಪುರದಿಂದ ತರಿಸಿದ್ದರು. ಹೊಸ ವಾದ್ಯ ಕಂಡರೆ ಮಂದಿ ಸೇರುತ್ತಾರೆ ಎಂಬ ಲೆಕ್ಕಾಚಾರ. ಆರು ತಂತಿಯ ಆ ವಾದ್ಯವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಬಲಗೈಯಿಂದ ಮೀಟುತ್ತ, ಎಡಗೈಯ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸಬೇಕು. ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಪಟ್ಟಿ ಕೂರಿಸಿತ್ತು. ಅದರೊಳಗೆ ಅಯಸ್ಕಾಂತ. ತಂತಿ ಕಂಪಿಸಿದರೆ ಅದು ಆ ಕಂಪನವನ್ನು ಹಿಡಿದು ಯಂತ್ರಕ್ಕೆ ಕಳಿಸುತ್ತದೆ, ಯಂತ್ರ ಕೊಳವೆಗೆ ಕಳಿಸುತ್ತದೆ. ಇಷ್ಟು ನಮಗೆಲ್ಲ ಗೊತ್ತಿತ್ತು. ಇಷ್ಟೇ ಗೊತ್ತಿತ್ತು.

ಹುಸೇನಸಾಬರ ಮನೆತನ ಬಾಗೇವಾಡಿಯಲ್ಲಿ ಎಷ್ಟು ತಲೆಮಾರಿನದೆಂದು ಅವರ ಓಣಿಯ ಹಿರಿಯರಿಗೂ ಹೇಳಲು ಬರುತ್ತಿರಲಿಲ್ಲ. ತಂದೆ ಹತ್ತಿ ಹಿಂಜುವವರು. "ಕಮಾನಿನ ತಂತಿ ಟಂಯ್ ಅಂದ್ರ ಸಾಕ್ರಿ ಅಕ್ಕೋರ, ಹತ್ತಿ ಹಸೀದೋ ಒಣಗಿದ್ದೋ ನಮ್ಮಪ್ಪ ಕಣ್ಣು ಮುಚ್ಚಿ ಹೇಳತಿದ್ದ" ಎನ್ನುತ್ತಿದ್ದರು. ಆ ಮನೆಯ ಕಿವಿ ಅವರದು. ಹರೆಯದಲ್ಲಿ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವಾಗ ಅಲ್ಲಿಯ ಬ್ಯಾಂಡಿನ ಮಾಸ್ತರರೊಬ್ಬರಿಂದ ಗಿಟಾರು ಕಲಿತು ಊರಿಗೆ ಮರಳಿದ್ದರು. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ, ಎತ್ತರದ ಮನುಷ್ಯ.

ಬೇಸಿಗೆಯ ಕೊನೆಗೆ ಇಂಗಳೇಶ್ವರದಲ್ಲಿ ನಮ್ಮ ಮೊದಲ ಕಾರ್ಯಕ್ರಮ. ಕಟ್ಟೆಯ ಮೇಲೆ ಹುಸೇನಸಾಬರು ಗಿಟಾರು ಮಲಗಿಸಿಕೊಂಡದ್ದನ್ನು ನೋಡಿ ಮುದುಕಿಯೊಬ್ಬಳು ಹತ್ತಿರ ಬಂದು ನಿಂತಳು.

"ಇದ್ಯಾನೋ ಹುಸೇನ್ಯಾ, ಕೂಸಿನ್ಹಂಗ ತೊಡಿಮ್ಯಾಲ ಮಲಗಿಸ್ಕೊಂಡಿ?"

"ಹೌದಬೇ ಆಯಿ. ಮುಟ್ಟಿದ್ರ ಸಾಕು, ಅಳತೈತಿ ನೋಡು" ಎಂದು ಅವರು ಒಂದು ತಂತಿ ಜಾರಿಸಿದರು. ಕೊಳವೆಯಿಂದ ಹೊರಟ ಆ ಸ್ವರ ಊರ ಹೊರಗಿನ ಹೊಲದವರೆಗೆ ಹೋಯಿತು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಂದು ಹದಿನೇಳು ಹೆಂಗಸರು ಅಕ್ಷರ ಕಲಿಯಲು ಪಾಟಿ ಹಿಡಿದರು. ನನ್ನ ಭಾಷಣ ಕೇಳಿ ಹಿಡಿದರೆಂದು ನಾನು ತಿಳಿದೆ. ಗಿಟಾರು ಕೇಳಿ ಕುಳಿತವರು ಎಂದು ಗುರುಪಾದಯ್ಯ ಹೇಳಿದ. ಅವನದೇ ನಿಜ.

ಮಳೆ ಹಿಡಿಯಿತು. ಎರಿ ಭೂಮಿಯ ಕಪ್ಪು ಮಣ್ಣು ಚಪ್ಪಲಿಗೆ, ಚಕ್ರಕ್ಕೆ, ಎತ್ತಿನ ಗೊರಸಿಗೆ ಅಂಟಿಕೊಂಡು ಬಿಡಲೊಲ್ಲದು. ಗೊಳಸಂಗಿಯಲ್ಲಿ ಜೀಪು ಹುಗಿದು ನಾಲ್ಕು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಆ ಊರಲ್ಲಿಯೇ, ತೇವಕ್ಕೆ ತುಕ್ಕು ತಿಂದಿದ್ದ ಗಿಟಾರಿನ ನಡುವಿನ ಎರಡು ತಂತಿಗಳು ಕಾರ್ಯಕ್ರಮದ ಮಧ್ಯೆ ಹರಿದವು. ಹುಸೇನಸಾಬರು ಉಕ್ಕಿನ ತಂತಿ ಬೇಕೆಂದು ಚೀಟಿ ಬರೆದುಕೊಟ್ಟರು. ಉಗ್ರಾಣದ ಗುಮಾಸ್ತ ವಿಜಾಪುರದ ಅಂಗಡಿಗಳಲ್ಲಿ ವಿಚಾರಿಸಿದ. ಗಿಟಾರಿನ ತಂತಿ ಸಿಕ್ಕಲಿಲ್ಲ. ಸೊಲ್ಲಾಪುರಕ್ಕೆ ಬರೆದು ತರಿಸುವ ಗೋಜಿಗೆ ಹೋಗದೆ ತಂಬೂರಿಗೆ ಹಾಕುವ ಹಿತ್ತಾಳೆಯ ತಂತಿ ತಂದ. ಉಗ್ರಾಣದ ಪುಸ್ತಕದಲ್ಲಿ 'ತಂತಿ, ಎರಡು' ಎಂದು ಬರೆದ. ಯಾವ ಲೋಹವೆಂದು ಬರೆಯಲಿಲ್ಲ. ಇದು ಮೊದಲನೆಯ ತಪ್ಪು.

"ಹಿತ್ತಾಳಿ ಐತಲ್ರಿ ಇದು?" ಎಂದು ಹುಸೇನಸಾಬರು ಗುಮಾಸ್ತನನ್ನು ಕೇಳಿದ್ದು ನನ್ನ ಕಿವಿಗೇ ಬಿದ್ದಿತ್ತು.

"ತಂತಿ ಅಂದ್ರ ತಂತಿ. ಇದರ ಮ್ಯಾಲ ದೇವರ ಪದಾನ ನಡೀತಾವು, ನಿನ್ನ ಗಿಟಾರ ಏನು ದೇವರಕಿಂತ ದೊಡ್ಡದೇನೋ?"

ಹುಸೇನಸಾಬರು ನಕ್ಕರು. ತಂತಿ ಕಟ್ಟಿ, ತಿರುಪಿ, ಕಿವಿಗೊಟ್ಟು ಮೀಟಿದರು. ಸ್ವರ ಶುದ್ಧವಾಗಿಯೇ ಬಂತು. "ಮೆತ್ತಗ ಐತಿ, ಚೊಲೊ ಐತಿ" ಎಂದು ನನಗೂ ಕೇಳಿಸಿದರು. ಯಂತ್ರಕ್ಕೆ ಜೋಡಿಸಿ ನೋಡುವ ಪ್ರಸಂಗವೇ ಬರಲಿಲ್ಲ. ದಾರಿಗಳು ಕೆಟ್ಟು ಜೀಪು ಹಲವು ವಾರ ನಿಂತಿತ್ತು.

ಉತ್ತರಿ ಮಳೆ ಹದವಾಗಿ ಬಿದ್ದು ಬಿಳಿಜೋಳದ ಬಿತ್ತಿಗೆಗೆ ಜನ ಕೂರಿಗೆ ಹೊರಗೆ ತೆಗೆದ ಹೊತ್ತಿಗೆ ಯುದ್ಧದ ಸುದ್ದಿ ಬಂತು. ರೇಡಿಯೋ ಇದ್ದ ಮನೆಗಳ ಮುಂದೆ ಮಂದಿ ನಿಲ್ಲತೊಡಗಿದರು. ನಮ್ಮ ತಂಡಕ್ಕೆ ಹೊಸ ಹಾಡು ಬಂತು. ಗುರುಪಾದಯ್ಯ ಒಂದು ಸಾಲು ಹಾಡಬೇಕು, ಗಿಟಾರು ಒಂಟಿಯಾಗಿ ಆ ಸಾಲನ್ನು ಮತ್ತೆ ನುಡಿಸಬೇಕು ಎಂದು ಸಾಹೇಬರು ಗೊತ್ತು ಮಾಡಿದರು. ಹಾಡಿನ ಪಲ್ಲವಿ ಮೇಲಿನಿಂದ ಹೊರಟು, ತಾಯಿನಾಡು ಎಂಬ ಮಾತಿಗೆ ಬಂದಾಗ ಗಂಭೀರವಾಗಿ ಕೆಳಗಿಳಿಯುತ್ತಿತ್ತು. ಆ ಇಳಿತ ಗಿಟಾರಿನ ನಡುವಿನ ಎರಡು ತಂತಿಗಳ ಮೇಲೆ ಬೀಳುತ್ತಿತ್ತು.

ನಿಡಗುಂದಿಯ ಸಂತೆಯ ದಿನ, ಮಧ್ಯಾಹ್ನ. ಹನಿ ಉದುರುತ್ತಿದ್ದುದರಿಂದ ಹುಸೇನಸಾಬರು ಜೀಪಿನ ಹಿಂದೆ ತಾಡಪತ್ರಿಯ ಕೆಳಗೆ ಕುಳಿತಿದ್ದರು. ಕೊಳವೆ ಮುಂದೆ ಸಂತೆಯ ಕಡೆಗೆ ಮುಖ ಮಾಡಿತ್ತು. ಗುರುಪಾದಯ್ಯ ಹಾಡಿದ. ಗಿಟಾರಿನ ಸರದಿ ಬಂತು. ಮೊದಲ ಅರ್ಧ ಸಾಲು ಸಂತೆಯನ್ನೆಲ್ಲ ತುಂಬಿತು. ತಾಯಿನಾಡು ಎಂಬಲ್ಲಿಗೆ ಬಂದಾಗ ಕೊಳವೆಯ ಬಾಯಿ ಕಟ್ಟಿತು. ಎರಡು ಸ್ವರದಷ್ಟು ಹೊತ್ತು ಬರೀ ಕೊಳವೆಯ ಗುಂಯ್‌ಗುಡುವಿಕೆ. ಕೊನೆಯ ಸ್ವರ ಮತ್ತೆ ಬಂತು.

"ಏ, ಕೊಳವಿಗೆ ಬಿಕ್ಕು ಹತ್ತೇತಿ! ನೀರು ಕುಡಸ್ರೋ ಅದಕ್ಕ!" ಎಂದು ಉಳ್ಳಾಗಡ್ಡಿ ಮಾರುವವನೊಬ್ಬ ಕೂಗಿದ. ಸಂತೆ ನಕ್ಕಿತು. ಎರಡನೆಯ ಸಲವೂ ಅಲ್ಲಿಯೇ ಕಟ್ಟಿತು. ಮೂರನೆಯ ಸಲವೂ. ಅಷ್ಟರಲ್ಲಿ ಜನ ಆ ಜಾಗಕ್ಕಾಗಿ ಕಾಯ್ದು ನಗತೊಡಗಿದ್ದರು. ಸಾಹೇಬರ ಮುಖ ಕಪ್ಪಿಟ್ಟಿತು.

ಹುಸೇನಸಾಬರಿಗೆ ಇದಾವುದೂ ಗೊತ್ತಾಗಲಿಲ್ಲ. ಗಿಟಾರಿನ ಮರದ ಒಡಲು ಅವರ ತೊಡೆಯ ಮೇಲಿತ್ತು. ಅದರ ಸ್ವಂತ ನಾದದಲ್ಲಿ ಆರೂ ತಂತಿಗಳು ಸಮನಾಗಿಯೇ ಕೇಳುತ್ತಿದ್ದವು. ಕೊಳವೆಯ ಎದುರು ನಿಂತವರಿಗೆ ಮಾತ್ರ ಎರಡು ತಂತಿ ಸತ್ತಿದ್ದವು. ನಾವು ಹೇಳಿದ ಮೇಲೆ ಅವರು ಪಿಕಪ್ಪಿನ ಎರಡೂ ತುದಿಯ ತಿರುಪುಗಳನ್ನು ಸಡಿಲಿಸಿ ಅದನ್ನು ತಂತಿಗಳ ಹತ್ತಿರಕ್ಕೆ ಎತ್ತಿದರು. ಮರುದಿನ ಮುದ್ದೇಬಿಹಾಳದಲ್ಲಿ ಅದರ ಫಲ ಇನ್ನೂ ಕೆಟ್ಟದಾಯಿತು. ದಪ್ಪ ತಂತಿ ಗೂಳಿಯಂತೆ ಗುಟುರು ಹಾಕಿತು, ನಡುವಿನವು ಸತ್ತಂತೆಯೇ ಇದ್ದವು. ಕಾರ್ಯಕ್ರಮ ಅರ್ಧಕ್ಕೆ ನಿಂತಿತು.

ಜೀಪಿನ ಬದಿಯಲ್ಲಿ ಸಾಹೇಬರು ಅವರನ್ನು ನಿಲ್ಲಿಸಿ ಕೇಳಿದರು. "ಎಲ್ಲಾ ಕಡೆ ಧ್ವನಿ ಬರತೈತಿ. ತಾಯಿನಾಡು ಅಂದಕೂಡ್ಲೆ ಯಾಕ ಕುಂದರತೈತಿ ಹುಸೇನಸಾಬ?"

"ನಾ ಬಾರಸೇನ್ರಿ ಸಾಹೇಬ್ರ. ನನ್ನ ಕಿವಿಗೆ ಕೇಳಸೇತ್ರಿ."

"ಇಡೀ ಊರಿಗೆ ಕೇಳಸಲಿಲ್ಲ, ನಿನಗೊಬ್ಬಗ ಕೇಳಸ್ತು?"

"ಅಲ್ಲಾನ..." ಎಂದು ಆಣೆಗೆ ಬಾಯಿ ತೆರೆದವರು ಸುತ್ತ ನಿಂತ ಮುಖಗಳನ್ನು ನೋಡಿದರು. ಆ ವರ್ಷ ಆ ಶಬ್ದವೇ ಅವರ ವಿರುದ್ಧ ಸಾಕ್ಷಿಯಾಗಬಹುದೆಂದು ಅವರಿಗೆ ಆ ಕ್ಷಣ ಹೊಳೆದಿರಬೇಕು. ಮಾತು ನುಂಗಿ, "ನನ್ನ ಮಗಳ ಆಣಿ ಐತ್ರಿ. ನಾ ಬಾರಸೇನಿ" ಎಂದರು.

ಕಚೇರಿಗೆ ಮರಳಿದ ಮೇಲೆ ಸಾಹೇಬರು ವಿಚಾರಣೆ ಎಂಬುದನ್ನು ನಡೆಸಿದರು. ಗಿಟಾರನ್ನು ಮೇಜಿನ ಮೇಲಿಟ್ಟು, ಯಂತ್ರದ ವೈರು ಹಚ್ಚದೆಯೇ, ಒಂದೊಂದೇ ತಂತಿ ಮೀಟಿದರು. ಆರೂ ನುಡಿದವು. "ತಂತಿ ಬರೋಬ್ಬರಿ ಅದಾವ. ತಂತಿ ಬರೋಬ್ಬರಿ ಅಂದ್ರ ಕೈ ಬರೋಬ್ಬರಿ ಇಲ್ಲ" ಎಂದರು. ವೈರು ಹಚ್ಚಿ ನೋಡೋಣ ಎಂದು ನಮ್ಮಲ್ಲಿ ಒಬ್ಬರೂ ಹೇಳಲಿಲ್ಲ. ಬೇರೆಯವರ ಕೈಯಲ್ಲಿ ಆ ಸಾಲನ್ನು ನುಡಿಸಿ ನೋಡಿ ಎನ್ನಲಿಲ್ಲ. ಉಗ್ರಾಣದ ಗುಮಾಸ್ತ ತಾನು ತಂದ ತಂತಿ ಯಾವುದೆಂದು ಬಾಯಿ ಬಿಡಲಿಲ್ಲ. ಇದು ಎರಡನೆಯ ತಪ್ಪು, ಮತ್ತು ಇದು ಎಲ್ಲರದು.

ಹೇಳಿಕೆ ಬರೆಯಲು ನನ್ನನ್ನು ಕೂರಿಸಿದರು, ನನ್ನ ಅಕ್ಷರ ಚೆನ್ನಾಗಿತ್ತು. ಸಾಹೇಬರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಒಂದು ಶಬ್ದದಲ್ಲಿ ನನ್ನ ಲೇಖನಿ ನಿಂತಿತು.

"ಉದ್ದೇಶಪೂರ್ವಕವಾಗಿ ಅಂತ ಬರೀಬೇಕೇನ್ರಿ ಸಾಹೇಬ್ರ?"

"ಮತ್ತೇನಂತ ಬರೀತೀರಿ? ಮೂರು ಸಲ ಅದs ಜಾಗಾದಾಗ ಮರತಾನೇನ್ರಿ?"

ಬರೆದೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ ಎಂಬುದು ಕಾರಣ. ಅದನ್ನು ಕ್ಷಮೆಯೆಂದು ಇಲ್ಲಿ ಮುಂದಿಡುತ್ತಿಲ್ಲ. 'ದೇಶಪ್ರೇಮದ ಸಾಲನ್ನು ಉದ್ದೇಶಪೂರ್ವಕವಾಗಿ ನುಡಿಸದೆ ಬಿಟ್ಟಿರುತ್ತಾನೆ. ವಿಶ್ವಾಸಾರ್ಹನಲ್ಲ' ಎಂಬ ಶೆರಾ, ಕಡತದ ಆ ಟಿಪ್ಪಣಿ, ಹೀಗೆ ಹುಟ್ಟಿತು. ಸಾಹೇಬರು, ಗುಮಾಸ್ತ, ಗುರುಪಾದಯ್ಯ, ನಾನು ಸಹಿ ಮಾಡಿದೆವು. ಹೊರಗೆ ಬಂದ ಗುರುಪಾದಯ್ಯ ಕಟ್ಟೆಯ ಮೇಲೆ ಕುಳಿತು, "ಓದಾಕ ಬರದಿದ್ರ ಹೆಬ್ಬೆಟ್ಟು ಒತ್ತಿ, ಏನ ಬರದಿತ್ತೋ ಗೊತ್ತಿಲ್ಲಂದು ಪಾರಾಗತಿದ್ನಿ ಅಕ್ಕೋರ" ಎಂದ. ಊರೂರಿಗೆ ಅಕ್ಷರದ ಮಹಿಮೆ ಹಾಡಿದವನ ಮಾತು ಅದು.

ಹುಸೇನಸಾಬರು ಪಡಸಾಲೆಯಲ್ಲಿ ನಿಂತಿದ್ದರು. ಗಿಟಾರು ಒಪ್ಪಿಸೆಂದು ಹೇಳಿದಾಗ ಅದನ್ನು ತಮ್ಮ ಹೆಗಲ ವಸ್ತ್ರದಿಂದ ಒರೆಸಿ, ಆರೂ ತಂತಿಗಳ ತಿರುಪು ಸಡಿಲಿಸಿದರು. "ಬಿಗದ ಇಟ್ರ ಕುತಗಿ ಬಗ್ಗತೈತ್ರಿ, ಮುಂದ ಬಾರಸಾವರಿಗೆ ತ್ರಾಸ ಆಗತೈತಿ" ಎಂದು ಗುಮಾಸ್ತನಿಗೆ ತಿಳಿಸಿ ಹೋದರು.

ದೀಪಾವಳಿಯ ಸೂಟಿ ಮುಗಿದು ಶಾಲೆ ತೆರೆಯಿತು, ನಾನು ವರ್ಗಕ್ಕೆ ಮರಳಿದ್ದೆ. ನಾಲ್ಕನೆಯ ಇಯತ್ತೆಗೆ ಅಯಸ್ಕಾಂತದ ಪಾಠ. ಹುಡುಗಿಯರು ಮನೆಯಿಂದ ಮೊಳೆ, ಸೂಜಿ, ಕೀಲಿಕೈ, ತಾಮ್ರದ ಉಂಗುರ, ಆರತಿಯ ಹಿತ್ತಾಳೆ ಹಣತೆ ತಂದಿದ್ದರು. ಮೊಳೆ ಜಿಗಿದು ಹತ್ತಿತು, ಸೂಜಿ ಹತ್ತಿತು. ಹಣತೆ ಹತ್ತಲಿಲ್ಲ. "ಹಿತ್ತಾಳಿ ಹತ್ತೂದಿಲ್ರಿ ಅಕ್ಕೋರ, ಹೋದ ವರ್ಷ ನಮ್ಮಕ್ಕಗೂ ನೀವ ಕಲಿಸೀರಿ" ಎಂದು ಹುಡುಗಿಯೊಬ್ಬಳು ಹೆಮ್ಮೆಯಿಂದ ಕೂಗಿದಳು. ಹೌದು, ಹೋದ ವರ್ಷವೂ ನಾನೇ ಕಲಿಸಿದ್ದೆ, ಪರೀಕ್ಷೆಯಲ್ಲಿ ಕೇಳಿದ್ದೆ, ತಪ್ಪು ಬರೆದವರ ಅಂಕ ಕಳೆದಿದ್ದೆ. ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟು ವರ್ಗವನ್ನು ಅಲ್ಲಿಗೇ ಬಿಟ್ಟೆ.

ಉಗ್ರಾಣಕ್ಕೆ ಹೋಗಿ ಗಿಟಾರಿನ ತಂತಿಗಳ ಹತ್ತಿರ ಅಯಸ್ಕಾಂತ ಹಿಡಿದೆ. ಸಡಿಲಾಗಿದ್ದ ನಾಲ್ಕು ತಂತಿಗಳು ಅದರತ್ತ ಬಾಗಿ ಬಂದವು. ನಡುವಿನ ಎರಡು ಅಲುಗಲಿಲ್ಲ. ಉಕ್ಕಿನ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿಗೆ ಹಿತ್ತಾಳೆಯ ತಂತಿ ಇದ್ದೂ ಇಲ್ಲದಂತೆ. ಕಿವಿಗೆ ಕೇಳುತ್ತದೆ, ಯಂತ್ರಕ್ಕೆ ಕೇಳುವುದಿಲ್ಲ. ಹುಸೇನಸಾಬರು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು.

ಸಾಹೇಬರ ಮೇಜಿನ ಮೇಲೆಯೂ ಇದನ್ನೇ ಮಾಡಿ ತೋರಿಸಿದೆ. ಅವರು ಅಯಸ್ಕಾಂತವನ್ನು ತಾವೇ ಹಿಡಿದು ನೋಡಿದರು. ಮೂರ್ಖರಲ್ಲ, ತಿಳಿಯಿತು. "ನೀವು ಹೇಳೂದು ಖರೆ ಐತಿ" ಎಂದರು. "ಆದ್ರ ಕಾಗದ ಮ್ಯಾಲ ಹೋಗೇತಿ. ಈಗ ತಿರುಗಿಸಿ ಬರದ್ರ ನಾಲ್ಕೂ ಮಂದಿ ಖೊಟ್ಟಿ ಸಹಿ ಮಾಡೀವಿ ಅಂತಾಗತೈತಿ. ನೀವಿನ್ನೂ ಕಾಯಂ ಆಗಿಲ್ಲ, ನೆನಪಿಟ್ಟುಕೋರಿ." ಇದು ಮೂರನೆಯ ತಪ್ಪು. ಮೊದಲಿನೆರಡು ಅಜ್ಞಾನದಿಂದ ಆದವು ಎನ್ನಬಹುದು. ಇದು ತಿಳಿದು ಮಾಡಿದ್ದು. ಕಾಗದದಲ್ಲಿ ನಾನು ಬರೆದ ಆ ಶಬ್ದ ಯಾರಿಗಾದರೂ ಸಲ್ಲುವುದಿದ್ದರೆ ಆ ಮಧ್ಯಾಹ್ನ ಆ ಕೋಣೆಯಲ್ಲಿದ್ದ ಇಬ್ಬರಿಗೆ ಸಲ್ಲುತ್ತಿತ್ತು. ನಾನು ಮೇಲಿನವರಿಗೆ ಒಂದು ಅರ್ಜಿ ಬರೆದೆ. ಉತ್ತರ ಬರಲಿಲ್ಲ. ಎರಡನೆಯ ಅರ್ಜಿ ಬರೆಯಲಿಲ್ಲ.

ಅಯಸ್ಕಾಂತವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹುಸೇನಸಾಬರ ಮನೆಗೆ ಹೋದೆ. ಅವರು ಅದನ್ನು ಸೂಜಿಗೆ ಹಿಡಿದು ನೋಡಿದರು, ಹಿತ್ತಾಳೆಯ ತಂಬಿಗೆಗೆ ಹಿಡಿದು ನೋಡಿದರು. ಖಾಜಾಬಿಯ ಮುಖ ಅರಳಿತು.

"ಹಂಗಾದ್ರ ತಂತೀದs ತಪ್ಪು ಅಂತ ಸಾಹೇಬ್ರಿಗೆ ಗೊತ್ತಾತಲ್ರಿ ಅಕ್ಕೋರ? ಇನ್ನ ಕರೀತಾರಲ್ರಿ ಇವರನ್ನ?"

ನಾನು ಅಯಸ್ಕಾಂತವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ. ಹುಸೇನಸಾಬರಿಗೆ ಅಷ್ಟರಲ್ಲಿಯೇ ಅರ್ಥವಾಯಿತು. "ಕರೆಯೂದಿಲ್ಲ ಸುಮ್ಮಕಿರು" ಎಂದು ಹೆಂಡತಿಗೆ ಹೇಳಿ, ನನ್ನ ಕಡೆ ತಿರುಗಿ, "ನನ್ನ ಕಿವಿ ಸುಳ್ಳು ಹೇಳಿಲ್ಲ ಅಂತ ತಿಳೀತ್ರಿ. ಇಷ್ಟು ದಿವ್ಸ ನನ್ನ ಮ್ಯಾಲ ನನಗs ಸಂಶೇ ಬಂದಿತ್ತು" ಎಂದರು. ಖಾಜಾಬಿ ಚಹಾ ಇಟ್ಟರು. ಕುಡಿಯದೆ ಏಳಲು ನನಗೆ ಧೈರ್ಯವಾಗಲಿಲ್ಲ.

ಸಿಂದಗಿಯ ಶಾಲೆಯೊಂದರಲ್ಲಿ ಬ್ಯಾಂಡು ಕಲಿಸುವ ಕೆಲಸಕ್ಕೆ ಹುಸೇನಸಾಬರು ಆಯ್ಕೆಯಾದಂತೆಯೇ ಇತ್ತು. ನಡತೆಯ ಬಗ್ಗೆ ವಿಚಾರಿಸಿದಾಗ ಶೆರಾ ಹೊರಬಿತ್ತು, ಕೆಲಸ ತಪ್ಪಿತು. ಓಣಿಯ ಮಂದಿ ಅವರ ಕೈ ಬಿಡಲಿಲ್ಲ. ಎದುರು ಮನೆಯ ಒಕ್ಕಲಿಗರು ಆ ಸುಗ್ಗಿಯಲ್ಲಿ ಒಂದು ಚೀಲ ಜೋಳ ತಂದು ಹಾಕಿ, "ಹಿರ್ಯಾರ ಕಾಲದಿಂದ ನಡದದ್ದು" ಎಂದು ಹೇಳಿ ಹೋದರು. ಆದರೆ ಶೆರಾ ಓಣಿಯ ಮಾತು ಕೇಳುವುದಿಲ್ಲ. ಬೇಸಿಗೆಗೆ ಹುಸೇನಸಾಬರು ಇಂಡಿಗೆ ಹೋಗಿ ಹತ್ತಿಯ ಕಾರಖಾನೆ ಸೇರಿದರು. ಕೆಲವು ವರ್ಷಗಳಲ್ಲಿ ಹತ್ತಿಯ ಧೂಳು ಎದೆಗಿಳಿಯಿತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ನಾನು ಬೇರೊಂದು ಜಿಲ್ಲೆಯಲ್ಲಿ ಮುಖ್ಯಾಧ್ಯಾಪಕಿಯಾಗಿದ್ದೆ.

ಕಡತ ನೋಡಿದ ಮರುದಿನ ಇಂಡಿಯ ಬಸ್ಸು ಹತ್ತಿದೆ. ಜೈನಬಿಯ ಕೂದಲೂ ಈಗ ಬೆಳ್ಳಗಾಗಿದೆ. ಹೊಲಿಗೆ ಕಲಿಸಿ ಬಾಳುತ್ತಾಳೆ. ಗುರುತು ಹಿಡಿದು, "ಬರ್ರಿ ಅಕ್ಕೋರ" ಎಂದು ಚಾಪೆ ಹಾಸಿದಳು. ನಾನು ಸಮಾಧಾನದ ಸುದ್ದಿಯೆಂದೇ ಭಾವಿಸಿ ಹೇಳಿದೆ: "ಆ ಕಡತ ಮುಂದಿನ ತಿಂಗಳು ನಾಶ ಮಾಡ್ತಾರಂತವ್ವಾ. ಆ ಶೆರಾ ಇನ್ನ ಇರೂದಿಲ್ಲ."

ಅವಳು ಹೊಲಿಗೆ ಯಂತ್ರದ ಗಾಲಿಯನ್ನು ಕೈಯಿಂದ ನಿಲ್ಲಿಸಿದಳು.

"ಸುಟ್ರ ನಮ್ಮಪ್ಪ ಖುಲಾಸ ಆಗೂದಿಲ್ರಿ ಅಕ್ಕೋರ. ಕಾಣೆ ಆಗ್ತಾನ. ಆ ವರ್ಷ ಆ ಶೆರಾ ಹಿಡಕೊಂಡು ಪೋಲೀಸಪ್ಪ ವಾರಕ್ಕೊಮ್ಮಿ ನಮ್ಮ ಬಾಗಲಿಗೆ ಬರತಿದ್ದ. ಹಾಡುಹಗಲಿ ಬರತಿದ್ದ, ಎಲ್ಲಾರೂ ನೋಡೂವಂಗ. ಎಲ್ಲಿಗೆ ಹೋಗಿದ್ದಿ, ಯಾರ ಬಂದಿದ್ರು ಅಂತ ನಮ್ಮಪ್ಪನ್ನ ಮನಿ ಮುಂದಿನ ಕಟ್ಟಿ ಕೆಳಗ ನಿಂದ್ರಿಸಿ ಕೇಳತಿದ್ದ. ನೋಡಿದಾವರು ಇನ್ನೂ ಅದಾರ. ಅವರ ತಲ್ಯಾಗಿಂದ ಹೆಂಗ ಸುಡತಾರ್ರಿ?"

ನಾನು ಅವಳ ಕಾಲು ಮುಟ್ಟಲು ಹೋದೆ. ಅವಳು ಕಾಲು ಎಳೆದುಕೊಂಡಳು. "ಅದು ಬ್ಯಾಡ್ರಿ. ಬರೀರಿ. ನಿಮ್ಮ ಅಕ್ಷರ ಚೊಲೊ ಅದಾವಂತ ಅಪ್ಪ ಹೇಳತಿದ್ದ."

ಆದ್ದರಿಂದ ಬರೆಯುತ್ತಿದ್ದೇನೆ. ಸಹಿ ಮಾಡಿದ ನಾಲ್ವರಲ್ಲಿ ಮೂವರು ಇಲ್ಲ. ಉಳಿದವಳು ನಾನು, ನನ್ನ ಸಹಿ ಸುಳ್ಳು ಎಂದು ಯಾವ ಅಧಿಕಾರಿಯ ಎದುರಿಗೂ ಪ್ರಮಾಣ ಮಾಡಿ ಹೇಳಲು ಸಿದ್ಧಳಿದ್ದೇನೆ. ಆ ಕಡತವನ್ನು ಇಟ್ಟುಕೊಂಡಿರುವ ಅಧಿಕಾರಿಗಳೇ, ನಿಮ್ಮ ನಾಶದ ಪಟ್ಟಿಯಿಂದ ಅದನ್ನು ಈ ವಾರವೇ ಹೊರತೆಗೆಯಿರಿ. ಶೆರಾ ಇರುವ ಹಾಳೆಯ ಮೇಲೆಯೇ, ಅದರ ಕೆಳಗೆ, ಈ ಆರೋಪ ಸುಳ್ಳೆಂದೂ, ಕಚೇರಿ ಕೊಟ್ಟ ತಂತಿ ಹಿತ್ತಾಳೆಯದಾಗಿತ್ತೆಂದೂ, ಇದು ತಿಳಿದ ಮೇಲೂ ತಿದ್ದಲಿಲ್ಲವೆಂದೂ, ಹುಸೇನಸಾಬ ನದಾಫರು ವಿಶ್ವಾಸಾರ್ಹರೆಂದೂ ಬರೆದು ಮುದ್ರೆ ಹಾಕಿರಿ. ಅದರ ಪ್ರತಿಯನ್ನು ಅಂಚೆಗೆ ಹಾಕಬೇಡಿರಿ. ನಿಮ್ಮಲ್ಲಿ ಒಬ್ಬರು ಅದನ್ನು ಹಿಡಿದು ಮೊದಲು ಬಾಗೇವಾಡಿಯ ಆ ಓಣಿಗೆ, ಆಮೇಲೆ ಇಂಡಿಯಲ್ಲಿ ಜೈನಬಿಯ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ನೆರೆಯವರನ್ನು ಕರೆದು ಗಟ್ಟಿಯಾಗಿ ಓದಿ, ಆಮೇಲೆ ಅವಳ ಕೈಗೆ ಕೊಡಿರಿ. ಹಗಲಿನಲ್ಲಿ ಹೋಗಿರಿ.